ಅಜ್ಜನ ಕೋವಿ ಕಂದಾಗಿದೆ, ಉಜ್ಜಿ ಹೊಸದು ಮಾಡಿಸಬಹುದಾ?

ಪ್ರಶ್ನೆ: ನಮ್ಮದು ಕೊಡಗು. ಅಜ್ಜನಿಂದ ಬಂದ ಒಂದು ಜೋಡುನಳಿಗೆ ಕೋವಿ ಮನೆಯಲ್ಲಿದೆ. ಇಂಗ್ಲೆಂಡಿನದು ಅಂತ ಹೇಳುತ್ತಾರೆ. ನಳಿಗೆ ಪೂರ್ತಿ ಕಂದು ಬಣ್ಣಕ್ಕೆ ತಿರುಗಿದೆ, ಅಲ್ಲಲ್ಲಿ ತುಕ್ಕೂ ಇದೆ. ಮರದ ಹಿಡಿ ಕಪ್ಪಗೆ ಜಿಡ್ಡುಗಟ್ಟಿದೆ. ಈ ಸಲದ ಕೈಲ್ ಮುಹೂರ್ತಕ್ಕೆ (ನಮ್ಮ ಆಯುಧ ಪೂಜೆಯ ಹಬ್ಬ) ಮೊದಲು ನಳಿಗೆಯನ್ನು ಉಜ್ಜಿಸಿ ಬ್ಲೂಯಿಂಗ್, ಅಂದರೆ ಕಪ್ಪು‑ನೀಲಿ ಮೆರುಗು, ಮಾಡಿಸಬೇಕು, ಮರಕ್ಕೆ ಹೊಳೆಯುವ ಪಾಲಿಶ್ ಹಾಕಿಸಬೇಕು ಅಂತಿದ್ದೇವೆ. ಮಾಡಿಸಬಹುದಾ?

ಉತ್ತರ: ಸದ್ಯಕ್ಕೆ ಉಜ್ಜಬೇಡಿ. ನೀವು ತುಕ್ಕು ಅಂದುಕೊಂಡಿರುವ ಆ ಕಂದು ಬಣ್ಣವೇ ಕೋವಿಯ ಮೂಲ ಮೆರುಗು ಆಗಿರಬಹುದು.

ಇದನ್ನು ಹೇಳಿದರೆ ಹೆಚ್ಚಿನವರು ನಂಬುವುದಿಲ್ಲ. ಕೋವಿ ಅಂದರೆ ಕಪ್ಪಗೆ ಮಿರಮಿರ ಹೊಳೆಯಬೇಕು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಆದರೆ ಹತ್ತೊಂಬತ್ತನೆಯ ಶತಮಾನದ ಬಹಳಷ್ಟು ಒಳ್ಳೆಯ ಕೋವಿಗಳು ಕಾರ್ಖಾನೆಯಿಂದ ಹೊರಬಂದದ್ದೇ ಕಂದು ಬಣ್ಣದಲ್ಲಿ. ಆ ಕೆಲಸಕ್ಕೆ ಬ್ರೌನಿಂಗ್ ಅನ್ನುತ್ತಿದ್ದರು. ನಳಿಗೆಯ ಜಿಡ್ಡು ತೆಗೆದು, ಆಮ್ಲ ಮತ್ತು ಕಬ್ಬಿಣದ ಲವಣ ಬೆರೆಸಿದ ದ್ರಾವಣವನ್ನು ತೆಳ್ಳಗೆ ಸವರುತ್ತಾರೆ. ತೇವವಿರುವ ಪೆಟ್ಟಿಗೆಯಲ್ಲಿ ಇಟ್ಟು ತುಕ್ಕು ಬರಿಸುತ್ತಾರೆ. ಬಂದ ತುಕ್ಕಿನ ಪುಡಿಯನ್ನು ಬ್ರಶ್‌ನಿಂದ ಕೆರೆದು ಮತ್ತೆ ಸವರುತ್ತಾರೆ. ಹೀಗೆ ದಿನಗಟ್ಟಲೆ, ಆರು ಸಲವೋ ಹತ್ತು ಸಲವೋ. ಕೊನೆಗೆ ಉಳಿಯುವುದು ಕಬ್ಬಿಣಕ್ಕೆ ಗಟ್ಟಿಯಾಗಿ ಅಂಟಿಕೊಂಡ ನುಣ್ಣನೆಯ ಕಂದು ಪದರ. ಅದೂ ತುಕ್ಕೇ. ಆದರೆ ಹಿಡಿತದಲ್ಲಿಟ್ಟು ಬರಿಸಿದ ತುಕ್ಕು.

ಇದೇ ಕೆಲಸದಲ್ಲಿ ಪ್ರತಿ ಸಲ ತುಕ್ಕು ಬಂದ ಮೇಲೆ ನಳಿಗೆಯನ್ನು ಕುದಿಯುವ ನೀರಿನಲ್ಲಿ ಹಾಕಿದರೆ ಕೆಂಪು ತುಕ್ಕು ಕಪ್ಪು ಆಕ್ಸೈಡ್ ಆಗುತ್ತದೆ. ಹಳೆಯ ಕಾಲದ ಕಪ್ಪು‑ನೀಲಿ ನಳಿಗೆಗಳು ಹೀಗೆ ಆದವು. ಅದೂ ತುಕ್ಕಿನ ಮಗುವೇ.

ಜೋಡುನಳಿಗೆ ಅಂದಿರಲ್ಲ, ಒಂದು ಕೆಲಸ ಮಾಡಿ. ಹಗಲು ಬೆಳಕಿನಲ್ಲಿ, ಕಿಟಕಿ ಪಕ್ಕ ನಳಿಗೆಯನ್ನು ಓರೆಯಾಗಿ ಹಿಡಿದು ನೋಡಿ. ಸುರುಳಿ ಸುರುಳಿ ಗೆರೆ, ಮರದ ಬೊಡ್ಡೆಯ ಗಂಟಿನ ಹಾಗೆ ಸುತ್ತು, ಏನಾದರೂ ಕಾಣುತ್ತಿದೆಯಾ? ಕಂಡರೆ ಅದು ದಮಾಸ್ಕಸ್ ನಳಿಗೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹಗ್ಗದ ಹಾಗೆ ಹೊಸೆದು, ಒಂದು ಸಲಾಕೆಯ ಸುತ್ತ ಸುತ್ತಿ, ಕುಲುಮೆಯಲ್ಲಿ ಬಡಿದು ಕೂಡಿಸಿದ್ದು. ಬೆಲ್ಜಿಯಂನ ಲೀಜ್ ಪಟ್ಟಣದಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಇದು ದೊಡ್ಡ ಕಸುಬಾಗಿತ್ತು. ಕಬ್ಬಿಣ ಒಂದು ಬಗೆಯಲ್ಲಿ, ಉಕ್ಕು ಇನ್ನೊಂದು ಬಗೆಯಲ್ಲಿ ತುಕ್ಕು ಹಿಡಿಯುತ್ತದೆ. ಆ ವ್ಯತ್ಯಾಸವೇ ಚಿತ್ತಾರ. ಬ್ರೌನಿಂಗ್ ತೆಗೆದುಬಿಟ್ಟರೆ ಚಿತ್ತಾರವೂ ಹೋಗುತ್ತದೆ, ಉಳಿಯುವುದು ಬೋಳು ಬಿಳಿ ಕೊಳವೆ. (ಹೆಸರು ಕೇಳಿ ಇದನ್ನು ಹಳೆಯ ದಮಾಸ್ಕಸ್ ಕತ್ತಿಗಳ ಜೊತೆ ಸೇರಿಸಬೇಡಿ. ಆ ಕತ್ತಿಗಳಿಗೆ ದಕ್ಷಿಣ ಭಾರತದಿಂದ ಉಕ್ಕಿನ ಗಟ್ಟಿಗಳು ಹೋಗುತ್ತಿದ್ದವು. ಪರದೇಶದವರು ಅದಕ್ಕೆ ‘ವೂಟ್ಸ್’ ಅಂದದ್ದು ನಮ್ಮ ‘ಉಕ್ಕು’ ಮಾತಿನಿಂದಲೇ ಅಂತ ಹೇಳುತ್ತಾರೆ. ಕೋವಿಯ ನಳಿಗೆಯದು ಬೇರೆಯೇ ವಿದ್ಯೆ.)

ನಮ್ಮ ಸಂಬಂಧಿಕರ ಮನೆಯೊಂದರಲ್ಲಿ ಇಂಥದೇ ಕೋವಿಯಿತ್ತು. ವರ್ಕ್‌ಶಾಪಿನವರು ಬಫಿಂಗ್ ಚಕ್ರಕ್ಕೆ ಕೊಟ್ಟು ಸ್ಟೀಲ್ ಲೋಟದ ಹಾಗೆ ಹೊಳೆಯಿಸಿ ಕಳಿಸಿದರು. ಮನೆಯವರಿಗೆ ಎರಡು ದಿನ ಖುಷಿ. ಆಮೇಲೆ ನೋಡಿದರೆ ನಳಿಗೆಯ ಮೇಲಿದ್ದ ತಯಾರಕರ ಹೆಸರು ಅರ್ಧ ಅಳಿಸಿತ್ತು. ಕೆತ್ತನೆಯ ಅಂಚುಗಳು ಚಪ್ಪಟೆಯಾಗಿದ್ದವು, ಸ್ಕ್ರೂ ತೂತುಗಳ ಸುತ್ತ ಬಟ್ಟಲಿನ ಹಾಗೆ ತಗ್ಗು ಬಿದ್ದಿತ್ತು. ಅದನ್ನು ವಾಪಸ್ ತರುವ ದಾರಿ ಇಲ್ಲ.

ಹಾಗಾದರೆ ತುಕ್ಕು ಯಾವುದು, ಮೆರುಗು ಯಾವುದು ಅಂತ ಗೊತ್ತಾಗುವುದು ಹೇಗೆ? ಬಿಳಿ ಹತ್ತಿ ಬಟ್ಟೆಗೆ ಎರಡು ಹನಿ ತೆಳು ಮಷೀನ್ ಎಣ್ಣೆ ಹಾಕಿ ಮೆಲ್ಲಗೆ ಒರೆಸಿ. ಕೈಗೆ ನುಣ್ಣಗಿದ್ದು, ಬಟ್ಟೆಗೆ ಏನೂ ಹತ್ತದಿದ್ದರೆ ಅದು ಮೆರುಗು. ಕಿತ್ತಳೆ ಪುಡಿ ಹತ್ತಿದರೆ, ಬೆರಳಿಗೆ ತರಿತರಿ ಅನಿಸಿದರೆ ಅದು ಇನ್ನೂ ತಿನ್ನುತ್ತಿರುವ ತುಕ್ಕು. ನಿಲ್ಲಿಸಬೇಕಾದ್ದು ಇದನ್ನು ಮಾತ್ರ.

ಆದರೆ ಬಟ್ಟೆ ಹಿಡಿಯುವ ಮೊದಲು ಕೋವಿ ಖಾಲಿ ಇದೆಯಾ ನೋಡಿ. ಹೇಳಿದರೆ ನಗುತ್ತೀರಿ. ತೋಟೆ ಕೋವಿಯಾದರೆ ನಳಿಗೆಯನ್ನು ಬುಡದಲ್ಲಿ ಬಗ್ಗಿಸಿ ತೆರೆದು ನೋಡಿದರೆ ಮುಗಿಯಿತು. ಕೇಪಿನ ಕೋವಿಯಾದರೆ, ಅಂದರೆ ನಳಿಗೆಯ ಬಾಯಿಯಿಂದ ಮದ್ದು ತುಂಬಿ ಬುಡದಲ್ಲಿ ಕೇಪು ಇಟ್ಟು ಹೊಡೆಯುವುದಾದರೆ, ಹಾಗಲ್ಲ. ಯಾವ ಕಾಲದಲ್ಲೋ ಮದ್ದು ಜಡಿದು ಹಾಗೇ ಗೋಡೆಗೆ ತೂಗುಹಾಕಿರುತ್ತಾರೆ. ಒಣಗಿದ್ದರೆ ಕರಿಮದ್ದು ಎಷ್ಟು ವರ್ಷವಾದರೂ ಕೆಡುವುದಿಲ್ಲ. ಮರದ ಗಜವನ್ನು (ಉದ್ದನೆಯ ಕೋಲು) ನಳಿಗೆಯ ಬಾಯಿಯಿಂದ ಮೆಲ್ಲಗೆ ಒಳಗೆ ಬಿಟ್ಟು, ಎಲ್ಲಿವರೆಗೆ ಹೋಯಿತು ಅಂತ ಗುರುತು ಹಾಕಿ. ಆಗ ನಿಮ್ಮ ಮುಖ, ಕೈ ಬಾಯಿಯ ನೇರಕ್ಕೆ ಇರಬಾರದು. ಆಮೇಲೆ ಅದೇ ಗಜವನ್ನು ನಳಿಗೆಯ ಹೊರಗೆ ಇಟ್ಟು ನೋಡಿ. ಕೇಪು ಕೂರುವ ಜಾಗದ ಹತ್ತಿರ ಬರದೆ ಮೂರು ನಾಲ್ಕು ಬೆರಳು ಹಿಂದೆಯೇ ನಿಂತರೆ ಒಳಗೆ ಏನೋ ಇದೆ. ಕೆದಕಬೇಡಿ, ಬಿಸಿ ತಾಗಿಸಬೇಡಿ. ಲೈಸೆನ್ಸ್ ಇರುವ ಕೋವಿ ರಿಪೇರಿಯವರನ್ನೇ ಕರೆಯಿರಿ.

ಸರಿ, ಈಗ ತುಕ್ಕಿಗೆ ಬರೋಣ. ಅದು ಇರುವ ಜಾಗಕ್ಕೆ ಮಾತ್ರ ತೆಳು ಎಣ್ಣೆ ಹಚ್ಚಿ ಒಂದು ದಿನ ಬಿಡಿ. ಮೆತ್ತಗಾದ ತುಕ್ಕನ್ನು ಬಿದಿರಿನ ಚಕ್ಕೆಯಿಂದಲೋ ತಾಮ್ರದ ತುಣುಕಿನ ಅಂಚಿನಿಂದಲೋ ಎಬ್ಬಿಸಿ, ಬಟ್ಟೆಯಿಂದ ಒರೆಸಿ. ಎರಡೂ ಕಬ್ಬಿಣಕ್ಕಿಂತ ಮೆತ್ತಗೆ, ಗೀರು ಬೀಳುವುದಿಲ್ಲ. ಹೋಗದಿದ್ದರೆ ಮತ್ತೆ ಎಣ್ಣೆ, ಮತ್ತೊಂದು ದಿನ. ಸ್ಯಾಂಡ್‌ಪೇಪರ್ ಮನೆಯೊಳಗೇ ಬರಬಾರದು. ತೀರಾ ನುಣುಪಿನ ಸ್ಟೀಲ್ ವುಲ್ (ಉಕ್ಕಿನ ಎಳೆಗಳ ಉಂಡೆ) ಕೂಡ ಕಂದು ಮೆರುಗನ್ನು ಎಬ್ಬಿಸುತ್ತದೆ. ಅದನ್ನು ಮೆರುಗು ಹೋಗಿಯೇ ಹೋಗಿರುವ ಜಾಗಕ್ಕೆ ಮಾತ್ರ ಇಟ್ಟುಕೊಳ್ಳಿ. ಇನ್ನು ಹುಣಸೆಹುಳಿ, ನಿಂಬೆಹುಳಿ. ಹಿತ್ತಾಳೆ ದೀಪ ಬೆಳಗುವ ಮನೆಗಳಲ್ಲಿ ಕೈ ತಾನಾಗಿಯೇ ಅತ್ತ ಹೋಗುತ್ತದೆ, ಅಲ್ವಾ? ಹುಳಿಗೆ ಒಳ್ಳೆಯ ತುಕ್ಕು, ಕೆಟ್ಟ ತುಕ್ಕು ಅನ್ನುವ ಭೇದವಿಲ್ಲ. ಎರಡನ್ನೂ ತಿಂದುಹಾಕುತ್ತದೆ.

ಈಗ ಬ್ಲೂಯಿಂಗ್ ವಿಷಯ. ಇವತ್ತು ಸಾಮಾನ್ಯವಾಗಿ ಮಾಡುವುದು ಬಿಸಿ ಬ್ಲೂಯಿಂಗ್. ಕಾಸ್ಟಿಕ್ ಸೋಡಾ ಮತ್ತು ಲವಣಗಳ ಕುದಿಯುವ ತೊಟ್ಟಿಯಲ್ಲಿ ನಳಿಗೆಯನ್ನು ಮುಳುಗಿಸುತ್ತಾರೆ. ಬೇಗ ಆಗುತ್ತದೆ, ಕಪ್ಪಗೆ ಹೊಳೆಯುತ್ತದೆ. ಇತ್ತೀಚಿನ ಒಂಟಿನಳಿಗೆ ಉಕ್ಕಿನ ಕೋವಿಗೆ ಅದು ಸರಿಯೇ. ಹಳೆಯ ಜೋಡುನಳಿಗೆಗೆ ಮಾತ್ರ ಬೇಡವೇ ಬೇಡ. ಎರಡು ನಳಿಗೆಗಳ ನಡುವೆ ಮೇಲೆ ಕೆಳಗೆ ಉದ್ದಕ್ಕೂ ಪಟ್ಟಿಗಳಿವೆ ನೋಡಿ. ಅವನ್ನು ಕೂರಿಸಿರುವುದು ಸೀಸ ಮತ್ತು ತವರದ ಬೆಸುಗೆಯಿಂದ. ಕಾಸ್ಟಿಕ್ ಆ ಬೆಸುಗೆಯನ್ನು ತಿನ್ನುತ್ತದೆ. ಪಟ್ಟಿಯ ಅಡಿಗೆ ನುಗ್ಗಿದ ಲವಣ ಎಷ್ಟು ತೊಳೆದರೂ ಹೊರಬರುವುದಿಲ್ಲ. ಮೇಲೆ ಚೆಂದ, ಒಳಗಿನಿಂದ ತುಕ್ಕು. ಕೆಲವು ಮಳೆಗಾಲ ಕಳೆದ ಮೇಲೆ ಪಟ್ಟಿ ಬಿಟ್ಟುಕೊಂಡು ಬಂದಾಗಲೇ ಗೊತ್ತಾಗುವುದು. ದಮಾಸ್ಕಸ್ ಆದರೆ ಹೊಸೆದ ಪಟ್ಟಿಗಳ ಕೂಡಿಕೆಗೂ ಅದೇ ಗತಿ.

ಮೆರುಗು ನಿಜಕ್ಕೂ ಏನೂ ಉಳಿದಿಲ್ಲ, ಹಿಂದೆ ಯಾರೋ ಉಜ್ಜಿ ಬೋಳಿಸಿದ್ದಾರೆ ಅಂತಾದರೆ ಹೊಸ ಮೆರುಗು ಕೊಡಿಸುವುದರಲ್ಲಿ ತಪ್ಪಿಲ್ಲ. ಆದರೆ ಹಳೆಯ ನಿಧಾನದ ದಾರಿಯಲ್ಲೇ ಆಗಬೇಕು. ‘ಒಂದೇ ದಿನದಲ್ಲಿ ಮಾಡಿಕೊಡ್ತೀನಿ’ ಅಂದವರಿಗೆ ಕೈಮುಗಿದು ವಾಪಸ್ ಬನ್ನಿ. ಕುದುರೆ, ಬೀಗ (ಅಂದರೆ ಗುಂಡು ಹೊಡೆಸುವ ಯಂತ್ರ) ಇರುವ ಕಬ್ಬಿಣದ ಭಾಗದಲ್ಲಿ ನೀಲಿ, ಬೂದು, ಜೇನು ಬಣ್ಣದ ಮೋಡಗಳ ಹಾಗೆ ಏನಾದರೂ ಕಂಡರೆ ಅದನ್ನೂ ಮುಟ್ಟಬೇಡಿ. ಮೂಳೆ ಮತ್ತು ಚರ್ಮದ ಇದ್ದಿಲಿನಲ್ಲಿ ಹುದುಗಿಸಿ ಕಾಯಿಸಿ, ನೀರಿಗೆ ಅದ್ದಿದಾಗ ಬರುವ ಬಣ್ಣ ಅದು. ಇನ್ನೊಮ್ಮೆ ಕಾಯಿಸಲು ಹೋದರೆ ಲೋಹ ಸೊಟ್ಟಗಾಗುವ ಅಪಾಯವಿದೆ.

ಉಜ್ಜದಿರಲು ಇನ್ನೊಂದು ಕಾರಣ ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿಯ ಮೇಲಿನ ಹೆಸರು, ನಂಬರು, ಗುರುತನ್ನು ಅಳಿಸುವುದು ಅಪರಾಧ. ಕಾಗದದಲ್ಲಿರುವ ನಂಬರು ಕೋವಿಯ ಮೇಲೆ ಕಾಣದಿದ್ದರೆ ವಿವರಣೆ ಕೊಡಬೇಕಾದವರು ನೀವು, ಬಫಿಂಗ್ ಮಾಡಿದವರಲ್ಲ. ರಿಪೇರಿ ಕಸುಬು ಮಾಡುವವರಿಗೂ ಲೈಸೆನ್ಸ್ ಬೇಕು. ಆದ್ದರಿಂದ ಸಿಕ್ಕ ಸಿಕ್ಕ ಲೇತ್ ಅಂಗಡಿಗೆ ಒಯ್ಯುವ ಹಾಗಿಲ್ಲ. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಆದರೆ ವಿನಾಯಿತಿ ಪತ್ರ ಅಜ್ಜನ ಹೆಸರಿನಲ್ಲೇ ಉಳಿದಿದ್ದರೆ ಮೆರುಗಿಗಿಂತ ಮೊದಲು ಅದನ್ನು ಸರಿಮಾಡಿಸಿ. ಕೊಡಗಿನ ಹೊರಗಿನವರು, ಮಲೆನಾಡಿನಲ್ಲಿ ಬೆಳೆ ರಕ್ಷಣೆಗೆ ಕೋವಿ ಇಟ್ಟುಕೊಂಡವರು, ವಾರಸುದಾರರ ಹೆಸರಿಗೆ ಲೈಸೆನ್ಸ್ ಮಾಡಿಸಿಕೊಳ್ಳಲೇಬೇಕು.

ಗುರುತು ಅಂದಾಗ ನೆನಪಾಯಿತು. ನಳಿಗೆಯನ್ನು ಬಿಚ್ಚಿ, ಬುಡದ ಕೆಳಭಾಗ ನೋಡಿ. ಅಲ್ಲಿ ಪುಟ್ಟ ಪುಟ್ಟ ಮುದ್ರೆಗಳಿರುತ್ತವೆ. ಕಿರೀಟದ ಗುರುತುಗಳಿದ್ದರೆ ಇಂಗ್ಲೆಂಡಿನಲ್ಲಿ ಪರೀಕ್ಷೆಯಾದದ್ದಿರಬಹುದು, ಆದರೆ ಬೆಲ್ಜಿಯಂನ ಮುದ್ರೆಗಳಲ್ಲೂ ಕಿರೀಟ ಇರುವುದುಂಟು. ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾ ಮನೆ ಶುರುವಾದದ್ದು 1813ರಲ್ಲಿ. ಮೊಟ್ಟೆಯಾಕಾರದ ಮುದ್ರೆಯೊಳಗೆ ಇ, ಎಲ್, ಜಿ ಅಕ್ಷರಗಳಿದ್ದರೆ ಕೋವಿ ಬೆಲ್ಜಿಯಂನ ಲೀಜ್‌ನದು. ಮನೆಯಲ್ಲಿ ತಲೆಮಾರಿನಿಂದ ‘ಇಂಗ್ಲೆಂಡಿನ ಕೋವಿ’ ಅಂತ ಹೇಳಿಕೊಂಡು ಬಂದದ್ದು ಬೆಲ್ಜಿಯಂನದು ಅಂತ ಗೊತ್ತಾದರೆ ಬೇಜಾರು ಬೇಡ. ಒಳ್ಳೆಯ ದಮಾಸ್ಕಸ್ ನಳಿಗೆ ಮಾಡುವುದರಲ್ಲಿ ಅವರನ್ನು ಮೀರಿಸಿದವರು ಕಡಿಮೆ. ಮುದ್ರೆಗಳನ್ನೂ ಚಿತ್ತಾರವನ್ನೂ ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆದಿಡಿ. ಸ್ಕ್ರೂಗಳಿಗೆ ಮಾತ್ರ ಕೈ ಹಾಕಬೇಡಿ. ಅವುಗಳ ಸೀಳು ಕೂದಲೆಳೆಯಷ್ಟು ಸಣ್ಣ, ನಮ್ಮ ಮನೆಯ ಸ್ಕ್ರೂಡ್ರೈವರ್ ಅದಕ್ಕೆ ಹೊಂದುವುದಿಲ್ಲ.

ಮರದ ಹಿಡಿಗೆ ಬಂದರೆ ಕೆಲಸ ಸುಲಭ, ಖುಷಿಯೂ ಜಾಸ್ತಿ. ಹಿಡಿ ಹೆಚ್ಚಾಗಿ ಅಕ್ರೋಟ್ ಮರದ್ದು. ಅದರ ಮೂಲ ಮೆರುಗು ಅಗಸೆ ಎಣ್ಣೆ. ಕಪ್ಪು ಜಿಡ್ಡು ಅಂದರೆ ನೂರು ವರ್ಷದ ಕೈಬೆವರು, ಧೂಳು, ಹೊಗೆ. ಟರ್ಪೆಂಟೈನಿನಲ್ಲಿ ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಸ್ವಲ್ಪ ಸ್ವಲ್ಪವೇ ಒರೆಸಿ. ಹಿಡಿತಕ್ಕೆ ಕೊರೆದ ಚೌಕುಳಿ ಗೆರೆಗಳಿಗೆ ಹಳೆಯ ಹಲ್ಲುಜ್ಜುವ ಬ್ರಶ್ ಸಾಕು. ಒಣಗಿದ ಮೇಲೆ ಅಂಗೈಗೆ ಬಟಾಣಿ ಕಾಳಿನಷ್ಟು ಅಗಸೆ ಎಣ್ಣೆ ಹಾಕಿಕೊಂಡು, ಅಂಗೈ ಬಿಸಿಯಾಗುವವರೆಗೆ ತಿಕ್ಕಿ. ದಿನಕ್ಕೆ ಒಂದೇ ಸಲ, ವಾರ ಹತ್ತು ದಿನ. ಪೇಂಟಿಗೆ ಬೆರೆಸುವ ಅಗಸೆ ಎಣ್ಣೆಯೇ ಆಗಬೇಕು. ತೆಂಗಿನೆಣ್ಣೆ ಒಣಗಿ ಪದರ ಕಟ್ಟುವುದಿಲ್ಲ, ಸುಮ್ನೆ ಧೂಳು ಹಿಡಿಯುತ್ತದೆ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಕಾವು ಏಳುತ್ತದೆ, ಬಟ್ಟೆ ತಾನಾಗಿಯೇ ಹೊತ್ತಿಕೊಂಡದ್ದುಂಟು. ಹರಡಿ ಒಣಹಾಕಿ, ಇಲ್ಲವೇ ನೀರಲ್ಲಿ ಅದ್ದಿಡಿ.

ಮರವನ್ನೂ ಸ್ಯಾಂಡ್‌ಪೇಪರಿನಿಂದ ತಿಕ್ಕುವ ಹಾಗಿಲ್ಲ. ಮರವೂ ಲೋಹವೂ ಸೇರುವ ಕಡೆ ಎರಡೂ ಒಂದೇ ಮಟ್ಟಕ್ಕೆ ಕೂತಿರುತ್ತವೆ. ತಿಕ್ಕಿದರೆ ಮರ ತಗ್ಗಿ ಲೋಹ ಹೊರಗೆ ಎದ್ದು ನಿಲ್ಲುತ್ತದೆ. ಗಾಜಿನ ಹಾಗೆ ಹೊಳೆಯುವ ವಾರ್ನಿಷ್ ಬಳಿದ ಹಳೆಯ ಕೋವಿ ನೋಡಿದರೆ ನನಗಂತೂ ಹಳ್ಳಿ ಅಜ್ಜಿಗೆ ಬ್ಯೂಟಿ ಪಾರ್ಲರ್ ಮೇಕಪ್ ಹಾಕಿದ ಹಾಗೆ ಕಾಣುತ್ತದೆ.

ಕೆಲಸ ಮುಗಿದ ಮೇಲೆ ಮರಕ್ಕೂ ಲೋಹಕ್ಕೂ ಮೈಕ್ರೋಕ್ರಿಸ್ಟಲೈನ್ ಮೇಣದ ತೆಳು ಪದರ ಕೊಡಿ. ವಸ್ತುಸಂಗ್ರಹಾಲಯಗಳಲ್ಲಿ ಬಳಸುವುದು ಇದನ್ನೇ. ರಿನೇಸಾನ್ಸ್ ವ್ಯಾಕ್ಸ್ ಹೆಸರಿನ ಮೇಣವನ್ನು ಬ್ರಿಟಿಷ್ ಮ್ಯೂಸಿಯಂನವರೇ ಇದಕ್ಕಾಗಿ ಮಾಡಿದ್ದು. ಎಣ್ಣೆ ಹರಿದು ಮರದೊಳಕ್ಕೆ ಇಳಿಯುತ್ತದೆ, ಮೇಣ ಇದ್ದಲ್ಲೇ ಇರುತ್ತದೆ. ಹಳೆಯ ಕೋವಿಗಳಲ್ಲಿ ಬೀಗದ ಹತ್ತಿರದ ಮರ ಕಪ್ಪಾಗಿ ಮೆತ್ತಗಾಗಿರುವುದು ಹೆಚ್ಚು ಎಣ್ಣೆ ಸುರಿದು ಬಾಯಿ ಮೇಲೆ ಮಾಡಿ ನಿಲ್ಲಿಸಿದ್ದರಿಂದಲೇ. ಕೊಡಗಿನ ಮಳೆಗಾಲದಲ್ಲಿ ಚರ್ಮದ ಚೀಲ, ಬಟ್ಟೆಯ ಗವಸು ಎರಡೂ ಶತ್ರು. ತೇವ ಹಿಡಿದಿಟ್ಟು ನಳಿಗೆಗೆ ಕೊಡುತ್ತವೆ. ಬೀಗ ಹಾಕಿದ ಕಪಾಟಿನಲ್ಲಿ, ಗಾಳಿಯಾಡುವ ಹಾಗೆ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಹಬ್ಬಕ್ಕೆ ಗುಂಡು ಹಾರಿಸುವ ಯೋಚನೆ ಇದ್ದರೆ ಈ ಕೋವಿಯನ್ನು ಬಿಟ್ಟುಬಿಡಿ. ದಮಾಸ್ಕಸ್ ನಳಿಗೆಗಳನ್ನು ಮಾಡಿದ್ದು ಕರಿಮದ್ದಿನ ಒತ್ತಡಕ್ಕೆ, ಇವತ್ತಿನ ತೋಟೆಗಲ್ಲ. ಮನೆಯ ಬೇರೆ ಕೇಪಿನ ಕೋವಿಯಿಂದ ಕರಿಮದ್ದು ಹಾರಿಸಿದ್ದಾದರೆ ಅವತ್ತೇ ಬಿಸಿನೀರಿನಲ್ಲಿ ತೊಳೆಯಿರಿ. ನೀರು ಅಂದರೆ ಎಲ್ಲರೂ ಹೆದರುತ್ತಾರೆ. ಆದರೆ ಮದ್ದಿನ ಮಸಿಯಲ್ಲಿರುವುದು ತೇವ ಎಳೆಯುವ ಲವಣ. ಅದು ನೀರಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ.

ಪೂಜೆಗೆ ಇಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ನಳಿಗೆಯ ಬಾಯಿಗೆ ತೋಕ್‌ ಪೂ (ಅಗ್ನಿಶಿಖೆ ಹೂ) ಸಿಕ್ಕಿಸಿ, ಗಂಧ ಇಡಿ. ಊಟ, ಆಟ ಎಲ್ಲ ಮುಗಿದ ಮೇಲೆ, ರಾತ್ರಿ ಮಲಗುವ ಮೊದಲು, ಹೂವನ್ನು ತೆಗೆದು ಗಂಧವನ್ನು ಒಣಬಟ್ಟೆಯಿಂದ ಒರೆಸಿಬಿಡಿ. ಒದ್ದೆ ಗಂಧ ವಾರಗಟ್ಟಲೆ ಹಾಗೇ ಕೂತರೆ ಅದರ ಅಡಿಯಲ್ಲೂ ತುಕ್ಕು ಏಳುತ್ತದೆ.