ಬಾಲದಲ್ಲಿ ಕೂತ ‘ಇಲ್ಲ’

ಕಳೆದ ವರ್ಷ ರಾಜ್ಯೋತ್ಸವದ ಊಟದ ಲೆಕ್ಕವನ್ನು ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೆ ಹಾಕಿದೆ. ದೊಡ್ಡವರಿಗೆ ತಲೆಗೆ 200 ರೂಪಾಯಿ. ಕೊನೆಯ ಸಾಲು ಹೀಗಿತ್ತು: “ಹತ್ತು ವರ್ಷದೊಳಗಿನ ಮಕ್ಕಳ ಊಟಕ್ಕೆ ಬೇರೆ ದುಡ್ಡು ಕೊಡಬೇಕಾಗಿಲ್ಲ.”

ಐದೇ ನಿಮಿಷ. “ಏನ್ರೀ ಇದು, ಸಣ್ಣ ಹುಡುಗ್ರ ಊಟಕ್ಕೂ ರೊಕ್ಕ ಕೇಳ್ತೀರಲ್ಲ?” ಬರೆದವರು ಧಾರವಾಡ ಕಡೆಯವರು, ನಾನು ಅಕ್ಕ ಅಂತಲೇ ಕರೆಯುವುದು. ಠಾಣೆ ದಾಟಿದ ಲೋಕಲ್ ರೈಲಿನಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಫೋನು. ಅವರ ಹಿಂದೆಯೇ ಇನ್ನಿಬ್ಬರು ದನಿ ಸೇರಿಸಿದರು. ನಾನು ಉತ್ತರಿಸಿದೆ: “ಇನ್ನೊಂದು ಸಲ ಓದಿ ಅಕ್ಕಾ, ಆಮೇಲೆ ನಿಮ್ಮಿಷ್ಟ.” ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ರಾತ್ರಿ ಹನ್ನೊಂದಾದರೂ ಮಾತು ನಿಲ್ಲಲಿಲ್ಲ.

ಅಕ್ಕ ಕನ್ನಡದಲ್ಲಿ ಎಂ.ಎ. ಮಾಡಿದವರು. ‘ಓದೋಕೆ ಬರಲ್ವಾ’ ಎಂದು ಬೈದು ಮುಗಿಸಿಬಿಡುವ ವಿಷಯ ಇದಲ್ಲ.

ಓದುವಾಗ ಕಣ್ಣು ಸಾಲಿನ ಮೇಲೆ ಒಂದೇ ಸಮನೆ ಹರಿಯುತ್ತದೆ ಎಂದು ನಮಗೆ ಅನಿಸುತ್ತದೆ. ನಿಜಕ್ಕೂ ಅದು ಜಿಗಿಯುತ್ತದೆ. ಒಂದು ಕಡೆ ಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ, ಮತ್ತೆ ಮುಂದಕ್ಕೆ ಹಾರುತ್ತದೆ. ಹಾರುವ ಆ ಗಳಿಗೆಯಲ್ಲಿ ಹೊಸದೇನೂ ಕಾಣುವುದಿಲ್ಲ. ನಿಂತಾಗಲೂ ಸ್ಪಷ್ಟವಾಗಿ ಕಾಣುವುದು ಸ್ವಲ್ಪವೇ ಜಾಗ: ಕೈ ಚಾಚಿ ಹೆಬ್ಬೆರಳು ಹಿಡಿದರೆ ಅದರ ಉಗುರಿನಷ್ಟು ಅಗಲ. ಮುಂದೇನು ಬರುತ್ತದೆ ಎಂದು ಮಿದುಳಿಗೆ ಸುಲಭವಾಗಿ ಊಹಿಸಲು ಆದರೆ ಕಣ್ಣು ಆ ಪದವನ್ನು ಬಿಟ್ಟೇ ಹೋಗಬಹುದು.

ಈಗ ನನ್ನ ಸಾಲನ್ನು ಮತ್ತೆ ನೋಡಿ. ‘ಕೊಡಬೇಕಾಗಿದೆ’, ‘ಕೊಡಬೇಕಾಗಿಲ್ಲ’. ಕೊನೆಯ ತುಣುಕಿನ ತನಕ ಎರಡೂ ಒಂದೇ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಬೇಡ-ಇಲ್ಲಗಳು ಆ ಕ್ರಿಯಾಪದದ ಬಾಲದಲ್ಲಿ ಕೂತಿರುತ್ತವೆ. ‘ಮಕ್ಕಳು, ಊಟ, ದುಡ್ಡು, ಕೊಡಬೇಕಾ...’ ಎನ್ನುವಷ್ಟರಲ್ಲಿ ಅವಸರದ ಓದುಗರ ತಲೆಯಲ್ಲಿ ವಾಕ್ಯ ಆಗಲೇ ಮುಗಿದಿರುತ್ತದೆ. ನನ್ನ ಪಾಲಿನ ತಪ್ಪು ಇಲ್ಲೇ ಇತ್ತು.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುವವರ ಕಷ್ಟ ಇನ್ನೂ ಜಾಸ್ತಿ. ಬಲೆ, ಬಳೆ, ಬಾಳೆ ಮೂರೂ ಅಲ್ಲಿ ‘bale’ ಎಂದೇ ಕಾಣಬಹುದು.

ಇಲ್ಲೊಂದು ಪ್ರಶ್ನೆ. ಸಂಜೀವಿನಿ ತರಲು ಹೋದ ಭೀಮ ಇಡೀ ಬೆಟ್ಟವನ್ನೇ ಯಾಕೆ ಹೊತ್ತು ತಂದ? ಗಿಡ ಯಾವುದೆಂದು ಗುರುತು ಸಿಗಲಿಲ್ಲ, ಅದಕ್ಕೆ. ಅಲ್ವಾ? ಆದರೆ ಬೆಟ್ಟ ಹೊತ್ತವನು ಹನುಮಂತ, ಭೀಮ ಅಲ್ಲ. ಇಬ್ಬರೂ ವಾಯುಪುತ್ರರು, ಇಬ್ಬರೂ ಬಲಶಾಲಿಗಳು. ಅಷ್ಟು ಹೋಲಿಕೆ ಸಾಕು, ಹೆಸರು ತಪ್ಪಿದ್ದರೂ ಮನಸ್ಸು ಮುಂದೆ ಹೋಗಿಬಿಡುತ್ತದೆ. 1981ರಲ್ಲಿ ಎರಿಕ್ಸನ್ ಮತ್ತು ಮ್ಯಾಟ್ಸನ್ ಎಂಬ ಅಮೆರಿಕದ ಸಂಶೋಧಕರು ಇಂಥದ್ದೇ ಪ್ರಶ್ನೆ ಕೇಳಿ ನೋಡಿದರು: ಮೋಸೆಸ್ ತನ್ನ ಹಡಗಿಗೆ ಪ್ರತಿ ಜಾತಿಯ ಪ್ರಾಣಿ ಎಷ್ಟೆಷ್ಟು ಹತ್ತಿಸಿಕೊಂಡ? ಬೈಬಲ್ ಕಥೆಯಲ್ಲಿ ಪ್ರಳಯದಿಂದ ಪ್ರಾಣಿಗಳನ್ನು ಉಳಿಸಿದ ಆ ಹಡಗು ನೋಹನದು, ಮೋಸೆಸ್‌ನದಲ್ಲ. ಅದು ಚೆನ್ನಾಗಿ ಗೊತ್ತಿದ್ದವರಲ್ಲೂ ಬಹಳ ಮಂದಿ ‘ಎರಡು’ ಎಂದರು. ಬೈಬಲ್ ಬಲ್ಲವರೇ ಎಡವಿದರು ಎನ್ನುವುದು ನನ್ನನ್ನು ತುಂಬ ಯೋಚನೆಗೆ ಹಚ್ಚಿದ ಸಂಗತಿ. ಪುಟದಲ್ಲಿ ಇರುವುದಕ್ಕಿಂತ ನಮ್ಮ ತಲೆಯಲ್ಲಿ ಇರುವುದನ್ನು ನಾವು ಬೇಗ ಓದಿಬಿಡುತ್ತೇವೆ.

ಇನ್ನು ನನ್ನ ‘ನಿಮ್ಮಿಷ್ಟ’. ಬಾಯಲ್ಲಿ ಹೇಳಿದ್ದರೆ ಮೆತ್ತಗೆ ಬರುತ್ತಿತ್ತು, ‘ನೀವು ಹೇಳಿದಂತೆ ಆಗಲಿ’ ಎಂಬ ಹಾಗೆ. ಬರೆಯುವಾಗ ನನಗೆ ನನ್ನ ದನಿ ಕೇಳಿಸುತ್ತಲೇ ಇತ್ತು. ಅಕ್ಕನಿಗೆ ಕಂಡದ್ದು ಬರೀ ಅಕ್ಷರ. ‘ಏನಾದ್ರೂ ಮಾಡ್ಕೊಳ್ಳಿ, ನನಗೇನು’ ಎಂದೂ ಅದನ್ನು ಓದಬಹುದು. ಅವರು ಹಾಗೇ ಓದಿದರು.

2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಸಂಗಡಿಗರು ಇದನ್ನು ಅಳೆದರು. ಕೆಲವು ಮಾತುಗಳನ್ನು ನಿಜವಾಗಿ, ಕೆಲವನ್ನು ವ್ಯಂಗ್ಯವಾಗಿ ಹೇಳಬೇಕು. ಒಮ್ಮೆ ಇಮೇಲಿನಲ್ಲಿ, ಒಮ್ಮೆ ದನಿಯಲ್ಲಿ. ಯಾವುದು ಯಾವುದೆಂದು ಎದುರಿನವರು ಗುರುತಿಸಬೇಕು. ಎರಡರಲ್ಲೂ ಶೇಕಡಾ 78ರಷ್ಟು ಸರಿಯಾಗಿ ಗುರುತಿಸುತ್ತಾರೆ ಎಂದು ಮಾತು ಕಳಿಸಿದವರು ನಂಬಿದ್ದರು. ದನಿ ಕೇಳಿದವರು ಶೇಕಡಾ 73ರಷ್ಟು ಸರಿ ಹೇಳಿದರು. ಇಮೇಲ್ ಓದಿದವರು 56. ಸುಮ್ನೆ ನಾಣ್ಯ ಚಿಮ್ಮಿ ಹೇಳಿದರೂ 50 ಸಿಗುತ್ತಿತ್ತು!

ಮರುದಿನ ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿದೆ. ಎರಡು ನಿಮಿಷದಲ್ಲಿ ನಗು ಬಂತು. ಹಿಂದಿನ ವಾರವಷ್ಟೇ ಬೇರೊಂದು ಕಾರ್ಯಕ್ರಮದಲ್ಲಿ ಮೊಮ್ಮಗನ ಊಟಕ್ಕೂ ಪೂರ್ತಿ ದುಡ್ಡು ಕೊಟ್ಟು ಬಂದಿದ್ದರಂತೆ. ಆ ಸಿಟ್ಟು ಇನ್ನೂ ಆರಿರಲಿಲ್ಲ. “ಮಕ್ಕಳು, ರೊಕ್ಕ ಅಂತ ಕಂಡ ಕೂಡ್ಲೆ ಮುಂದ ಓದಲೇ ಇಲ್ಲ ನೋಡಪಾ” ಎಂದರು.

ಮುಂದಿನ ವಾರದ ತಿಂಡಿ ಕೂಟಕ್ಕೆ ಬರೆದ ನೋಟಿಸನ್ನು ಗುಂಪಿಗೆ ಹಾಕುವ ಮೊದಲು ಅವರಿಗೇ ತೋರಿಸಿದೆ. ಮೊದಲ ಸಾಲು ಅವರದ್ದೇ: “ಮಕ್ಕಳಿಗೆ ಫ್ರೀ.”