ಸುದ್ದಿಯೊಳಗಿನ ‘ಎನ್ನು’

ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ದಾಟಿಸುವುದೇ ಸುದ್ದಿಯ ಬಹುಪಾಲು ಕೆಲಸ. ಕನ್ನಡ ಪತ್ರಿಕೆಗಳಲ್ಲಿ ಈ ಕೆಲಸ ‘ಎನ್ನು’ ಎಂಬ ಪುಟ್ಟ ಕ್ರಿಯಾಪದದ ಪಾಲಿಗೆ ಬಂದಿದೆ. ಎಂದು, ಎಂಬ, ಎಂದರು, ಎನ್ನುವ, ಎನ್ನಲಾಗಿದೆ ಎಲ್ಲವೂ ಅದರದೇ ರೂಪಗಳು. ಆದರೆ ಹಳೆಯ ಪತ್ರಿಕೆಗಳಲ್ಲಿ ಇದನ್ನು ಕಂಪ್ಯೂಟರಿನಿಂದ ಹುಡುಕಿ ಎಣಿಸಹೊರಟರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೇವೆ.

ತೊಡಕು ಸಂಧಿಯದು. ಬಂದರು + ಎಂದು ‘ಬಂದರೆಂದು’ ಆಗುತ್ತದೆ. ಇದೆ + ಎಂದು ‘ಇದೆಯೆಂದು’. ಹಳೆಯ ಬರಹಗಾರರು ಪದಗಳನ್ನು ಹೀಗೆ ಧಾರಾಳವಾಗಿ ಕೂಡಿಸುತ್ತಿದ್ದರು. ಕೂಡಿದೊಡನೆ ‘ಎ’ ಅಕ್ಷರ ಮಾಯವಾಗಿ ಎತ್ವದ ಗುರುತು ಮಾತ್ರ ಉಳಿಯುತ್ತದೆ. ಕಂಪ್ಯೂಟರು ಅಕ್ಷರಗಳನ್ನು ಗುರುತಿಸುವ ಸಂಕೇತಪಟ್ಟಿಯಾದ ಯೂನಿಕೋಡಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಸಂಕೇತ: ಅಕ್ಷರಕ್ಕೆ 0ಸಿ8ಇ, ಗುರುತಿಗೆ 0ಸಿಸಿ6. ಆದ್ದರಿಂದ ‘ಎಂದು’ ಎಂದಷ್ಟೇ ಹುಡುಕಿದರೆ ಕೂಡಿಕೊಂಡವೆಲ್ಲ ಕೈತಪ್ಪುತ್ತವೆ.

ಸರಿ, ಗುರುತನ್ನೂ ಸೇರಿಸಿ ಹುಡುಕೋಣ. ಆಗ ‘ಎಂದು’ ಜೊತೆಗೆ ‘ಬೆಂದು’ ಬರುತ್ತದೆ. ‘ಎಂಬ’ದ ಬಲೆಗೆ ‘ಬೆಂಬಲ’, ‘ಎಂಬತ್ತು’ ಬೀಳುತ್ತವೆ. ಸಾಲದ್ದಕ್ಕೆ ಸೆಪ್ಟೆಂಬರ್, ನವೆಂಬರ್, ಡಿಸೆಂಬರ್. ತಾರೀಖಿಲ್ಲದ ಪತ್ರಿಕೆಯೇ ಇಲ್ಲವಲ್ಲ! ವರ್ಷದ ಕೊನೆಯ ತಿಂಗಳುಗಳಲ್ಲಿ ‘ಎಂಬ’ದ ಬಳಕೆ ದಿಢೀರನೆ ಏರಿದಂತೆ ಕಂಡರೆ ಹಿಗ್ಗುವ ಮೊದಲು ಈ ಪದಗಳನ್ನು ತೆಗೆದುಹಾಕಿ. ‘ಯಾವಾಗ’ ಎಂಬ ಅರ್ಥದ ‘ಎಂದು’ ಇನ್ನೂ ಹಟಮಾರಿ. ಅದನ್ನು ವಾಕ್ಯ ಓದಿಯೇ ಬೇರ್ಪಡಿಸಬೇಕು.

ಅಚ್ಚಾದ ಪುಟವನ್ನು ಓಸಿಆರ್ (ಪುಟದ ಚಿತ್ರವನ್ನು ಹುಡುಕಬಲ್ಲ ಪಠ್ಯವಾಗಿಸುವ ತಂತ್ರಾಂಶ) ಓದುವಾಗ ಸೊನ್ನೆಯ ಪೇಚು ಬೇರೆ. ಅನುಸ್ವಾರವೂ ಕನ್ನಡದ ಅಂಕಿ ಸೊನ್ನೆಯೂ ಕಣ್ಣಿಗೆ ಒಂದೇ. ಯಂತ್ರ ಅಂಕಿಯನ್ನು ಹಾಕಿಬಿಟ್ಟರೆ ಪರದೆಯ ಮೇಲೆ ಪದ ಸರಿಯಾಗಿಯೇ ಕಾಣುತ್ತದೆ, ಹುಡುಕಾಟಕ್ಕೆ ಮಾತ್ರ ಸಿಗುವುದಿಲ್ಲ. ಎರಡು ಅಕ್ಷರಗಳ ನಡುವೆ ಬಂದ ಅಂಕಿ ಸೊನ್ನೆಯನ್ನೆಲ್ಲ ಅನುಸ್ವಾರವಾಗಿ ಬದಲಿಸಿಕೊಂಡೇ ಎಣಿಕೆಗೆ ಇಳಿಯಬೇಕು. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದು, ಅಂದರೆ ಕೈಬರಹದಿಂದ ಮೂಡಿದ್ದು. ಅಂಥ ಪುಟಗಳನ್ನು ಓಸಿಆರ್‌ಗೆ ಕೊಡುವುದಕ್ಕಿಂತ ಕೂತು ಟೈಪಿಸುವುದೇ ಲೇಸು.

ಇನ್ನು, ಸಾವಿರ ಪದಕ್ಕೆ ಎಷ್ಟು ಎಂಬ ಲೆಕ್ಕವೂ ಇಲ್ಲಿ ಕೈಕೊಡುತ್ತದೆ. ‘ಬಂದರೆಂದು’ ಒಂದು ಪದವೇ, ಎರಡೇ? ಕೂಡಿಸಿ ಬರೆದ ಕಾಲವನ್ನೂ ಬಿಡಿಸಿ ಬರೆದ ಕಾಲವನ್ನೂ ಹೋಲಿಸಲು ಅಕ್ಷರಗಳ ಎಣಿಕೆಯೇ ಹೆಚ್ಚು ನಂಬಿಕೆಯದು.

ಇಷ್ಟೆಲ್ಲ ಜರಡಿ ಹಿಡಿದ ಮೇಲೆ ಸಿಗುವ ಸಾಲುಗಳೇನೋ ರುಚಿಕಟ್ಟಾಗಿವೆ. ಉದ್ಧರಣ ಚಿಹ್ನೆಯಿಲ್ಲದ ಬರಹದಲ್ಲಿ ‘ಎಂದು’ವೇ ಮುಚ್ಚುವ ಚಿಹ್ನೆ. ತೆರೆಯುವ ಚಿಹ್ನೆ ಮಾತ್ರ ಇಲ್ಲ. ಮಾದರಿಗೆ ಕಟ್ಟಿದ ಈ ಸಾಲು ನೋಡಿ: ‘ಅಮಲ್ದಾರರು ನಿನ್ನೆ ಕೆರೆ ಒಡೆಯಿತೆಂದು ತಿಳಿಸಿದರು.’ ನಿನ್ನೆ ಒಡೆದದ್ದೋ, ನಿನ್ನೆ ತಿಳಿಸಿದ್ದೋ? ಮಾತು ಮುಗಿದದ್ದು ಎಲ್ಲಿ ಎಂಬುದು ಖಚಿತ; ಶುರುವಾದದ್ದನ್ನು ಓದುಗನೇ ಊಹಿಸಬೇಕು.

‘ಎನ್ನಲಾಗಿದೆ’ಯಲ್ಲಿ ಅಂದವರೇ ಕಾಣೆ. ಹರಟೆಯಲ್ಲಿ ‘ಅಂತೆ’ ಮಾಡುವ ಕೆಲಸವನ್ನೇ ಇದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಾಡುತ್ತದೆ. ‘ಎಂಬ’ದ ವರಸೆ ಇನ್ನೂ ಸೂಕ್ಷ್ಮ. ಓದುಗರಿಗೆ ಪರಿಚಯವಿಲ್ಲದವರ ಹೆಸರಿಗೆ ಮಾತ್ರ ಅದು ಅಂಟುತ್ತದೆ. ಮುಖ್ಯಮಂತ್ರಿಯ ಹೆಸರಿನ ಮುಂದೆ ‘ಎಂಬುವರು’ ಹಾಕಿದರೆ ಗೇಲಿಯಾದೀತು. ವ್ಯಾಕರಣಕ್ಕೆ ‘ಎಂಬವರು’ ಸರಿ, ಪತ್ರಿಕೆಗಳ ರೂಢಿಗೆ ‘ಎಂಬುವರು’. ಅಪರಾಧ ಸುದ್ದಿಯಲ್ಲಿ ಹಣ ಕಳೆದುಕೊಂಡವರು ಸಾಮಾನ್ಯವಾಗಿ ‘ಎಂಬುವರು’, ಕದ್ದನೆಂದು ಸಿಕ್ಕಿಬಿದ್ದವನು ‘ಎಂಬಾತ’. ವಿಚಾರಣೆ ಇನ್ನೂ ಶುರುವಾಗಿರುವುದಿಲ್ಲ.