ಫ್ಲಾಟ್ ಟೋಯಿಂಗ್: ಯಾವ ಕಾರನ್ನು ಎಳೆಯಬಹುದು, ಯಾವುದನ್ನು ಎಳೆಯಬಾರದು

ದೊಡ್ಡ ಗಾಡಿಯ ಹಿಂದೆ ಕಾರನ್ನು ಜೋಡಿಸಿ, ಕಾರಿನ ನಾಲ್ಕೂ ಚಕ್ರ ರಸ್ತೆಯ ಮೇಲೇ ಉರುಳುವಂತೆ ಎಳೆದುಕೊಂಡು ಹೋಗುವುದಕ್ಕೆ ಫ್ಲಾಟ್ ಟೋಯಿಂಗ್ ಅನ್ನುತ್ತಾರೆ. ಡಿಂಗಿ ಟೋಯಿಂಗ್ ಅಂದರೂ ಇದೇ. ಅಮೆರಿಕ, ಕೆನಡಾದಲ್ಲಿ ಒಳಗೇ ವಾಸಿಸಬಹುದಾದ ಮನೆಯಂಥ ಗಾಡಿ, ಅಂದರೆ ಮೋಟರ್‌ಹೋಮ್ ಇಟ್ಟುಕೊಂಡವರಿಗೆ ಇದು ದಿನನಿತ್ಯದ ಮಾತು. ಗಂಗಾವತಿ, ಸಿಂಧನೂರು, ಬಳ್ಳಾರಿ ಕಡೆಯಿಂದ ಮಕ್ಕಳನ್ನು ನೋಡಲು ಅಲ್ಲಿಗೆ ಹೋದ ಅಪ್ಪ ಅಮ್ಮ, ಬಸ್ಸಿನಷ್ಟು ಉದ್ದದ ಗಾಡಿಯ ಹಿಂದೆ ಡ್ರೈವರ್ ಇಲ್ಲದ ಕಾರು ಓಡುವುದನ್ನು ಕಂಡು ಬೆರಗಾಗುತ್ತಾರೆ. ಪಾಪ, ಕಾರು ಕೆಟ್ಟಿರಬೇಕು ಅಂದುಕೊಳ್ಳುತ್ತಾರೆ. ಅದು ಕೆಟ್ಟ ಕಾರಲ್ಲ. ಬೇಕೆಂದೇ ಜೊತೆಗೆ ತಂದಿರುವ ಕಾರು.

ಕಾರಣ ಸರಳ. ದೊಡ್ಡ ಮೋಟರ್‌ಹೋಮ್ 9ರಿಂದ 12 ಮೀಟರ್ ಉದ್ದ ಇರುತ್ತದೆ. ಅಂಥದ್ದನ್ನು ಸಾಣಾಪುರ ಕೆರೆಯ ಹತ್ತಿರ ನಿಲ್ಲಿಸಿದ್ದೀರಿ ಅಂದುಕೊಳ್ಳಿ. ನೀರು, ಕರೆಂಟು ಎಲ್ಲ ಜೋಡಿಸಿ ಆಗಿದೆ. ಈಗ ತರಕಾರಿಗೆ ಗಂಗಾವತಿಗೆ ಹೋಗಬೇಕು. ಎಲ್ಲ ಬಿಚ್ಚಿ, ಇಡೀ ಮನೆಯನ್ನೇ ಓಡಿಸಿಕೊಂಡು ಹೋಗಬೇಕಾಗುತ್ತದೆ. ಆನೆಗೊಂದಿಯ ಓಣಿಗಳಲ್ಲಿ ಅದು ತಿರುಗುವುದೇ ಇಲ್ಲ. ಹಿಂದೆ ಒಂದು ಸಣ್ಣ ಕಾರಿದ್ದರೆ ಈ ತೊಂದರೆ ಇರುವುದಿಲ್ಲ.

ಆದರೆ ಯಾವ ಕಾರು? ಹೆಚ್ಚಿನವರು ಮೊದಲು ತೂಕ ನೋಡುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ಗೇರ್‌ಬಾಕ್ಸ್. ತೂಕ ಜಾಸ್ತಿ ಅಂತ ಗೊತ್ತಾದರೆ ಆ ಕಾರನ್ನು ಬಿಟ್ಟರಾಯಿತು. ಗೇರ್‌ಬಾಕ್ಸ್ ವಿಷಯ ಗೊತ್ತಿಲ್ಲದೆ ಎಳೆದರೆ ಒಂದೇ ದಿನದಲ್ಲಿ ಅದು ಸುಟ್ಟು ಹೋಗಬಹುದು.

ಎಂಜಿನ್ ಆಫ್ ಇದೆ, ಗೇರ್ ನ್ಯೂಟ್ರಲ್‌ನಲ್ಲಿದೆ, ಇನ್ನೇನು ತೊಂದರೆ ಅನ್ನಿಸುತ್ತದೆ ಅಲ್ವಾ? ಚಕ್ರ ತಿರುಗಿದಾಗ ಅದಕ್ಕೆ ಜೋಡಿಸಿದ ಶಾಫ್ಟ್ ತಿರುಗುತ್ತದೆ. ಆ ಶಾಫ್ಟಿನ ಇನ್ನೊಂದು ತುದಿ ಗೇರ್‌ಬಾಕ್ಸಿನ ಒಳಗಿದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಕಡೆಯ ಸಂಬಂಧ ಮಾತ್ರ ಕಡಿಯುತ್ತದೆ. ಚಕ್ರದ ಕಡೆಯ ಭಾಗ ತಿರುಗುತ್ತಲೇ ಇರುತ್ತದೆ. ತಿರುಗುವ ಭಾಗಕ್ಕೆ ಎಣ್ಣೆ ಬೇಕು. ಸಾಮಾನ್ಯ ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಎಣ್ಣೆಯನ್ನು ಮೇಲೆತ್ತುವ ಪಂಪ್ ನಡೆಯುವುದು ಎಂಜಿನ್ ಬಲದಿಂದ. ಎಂಜಿನ್ ನಿಂತರೆ ಪಂಪೂ ನಿಂತಿತು. ಒಳಗೆ ಬೇರಿಂಗು, ಕ್ಲಚ್ಚು ಎಣ್ಣೆಯಿಲ್ಲದೆ ಉಜ್ಜಿಕೊಂಡು ಬಿಸಿಯಾಗುತ್ತವೆ. ಎಳೆಯುತ್ತಿರುವವರಿಗೆ ಶಬ್ದವೂ ಕೇಳಿಸುವುದಿಲ್ಲ.

ಮ್ಯಾನ್ಯುವಲ್ ಗೇರ್‌ಬಾಕ್ಸಿನಲ್ಲಿ ಸಾಮಾನ್ಯವಾಗಿ ಪಂಪ್ ಇರುವುದಿಲ್ಲ. ಗೇರುಗಳು ಕೆಳಗಿನ ಎಣ್ಣೆಯಲ್ಲಿ ಮುಳುಗಿ ತಿರುಗುತ್ತಾ ತಾವೇ ಎಣ್ಣೆ ಎರಚಿಕೊಳ್ಳುತ್ತವೆ. ಹಾಗಾಗಿ ಮುಂದಿನ ಚಕ್ರಕ್ಕೆ ಬಲ ಹೋಗುವ ಅನೇಕ ಸಣ್ಣ ಮ್ಯಾನ್ಯುವಲ್ ಕಾರುಗಳು ಈ ಕೆಲಸಕ್ಕೆ ಒಗ್ಗುತ್ತವೆ. ಆದರೆ ಮ್ಯಾನ್ಯುವಲ್ ಎಲ್ಲವೂ ಸರಿ ಅಂತ ಕಣ್ಣು ಮುಚ್ಚಿ ನಂಬಬೇಡಿ. ಹಿಂದಿನ ಚಕ್ರಕ್ಕೆ ಬಲ ಹೋಗುವ ಕೆಲವು ಗಾಡಿಗಳಲ್ಲಿ ಎಣ್ಣೆ ಎರಚುವ ಶಾಫ್ಟ್ ತಿರುಗುವುದು ಎಂಜಿನ್ ಕಡೆಯಿಂದ. ಅಲ್ಲಿ ಮತ್ತೆ ಅದೇ ಕಥೆ.

ಜೀಪ್ ರಾಂಗ್ಲರ್ ಮೋಟರ್‌ಹೋಮಿನವರಿಗೆ ಅಷ್ಟು ಇಷ್ಟವಾಗುವುದು ಇದಕ್ಕೇ. ಫೋರ್ ವೀಲ್ ಡ್ರೈವ್ ಆದ್ದರಿಂದ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚಲು ಗೇರ್‌ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಇದೆ. ಅದಕ್ಕೂ ತನ್ನದೇ ಒಂದು ನ್ಯೂಟ್ರಲ್ ಇದೆ. ಅದನ್ನು ಹಾಕಿದರೆ ಚಕ್ರ ಎಷ್ಟು ತಿರುಗಿದರೂ ಗೇರ್‌ಬಾಕ್ಸಿಗೆ ಸುದ್ದಿಯೇ ಮುಟ್ಟುವುದಿಲ್ಲ. ಆಟೋಮ್ಯಾಟಿಕ್ ಆಗಿದ್ದರೂ ನಡೆಯುತ್ತದೆ. ನಮ್ಮಲ್ಲಿ ಪೊಲೀಸರು, ಅರಣ್ಯ ಇಲಾಖೆಯವರು ಓಡಿಸುತ್ತಿದ್ದ ಮಾರುತಿ ಜಿಪ್ಸಿ ನೆನಪಿದೆಯಲ್ವಾ? ಅದೇ ಕುಟುಂಬದ ಸುಜುಕಿ ಸಮುರಾಯ್ ಕೂಡ ಅಮೆರಿಕದಲ್ಲಿ ಹೀಗೆ ಎಳೆಸಿಕೊಳ್ಳಲು ಹೆಸರುವಾಸಿ. ಟ್ರಾನ್ಸ್‌ಫರ್ ಕೇಸ್ ಇದೆ, ತೂಕ ಸುಮಾರು ಒಂದೇ ಟನ್.

ಹೋಂಡಾ ಸಿಆರ್‌-ವಿ ಇನ್ನೊಂದು ಒಳ್ಳೆಯ ಉದಾಹರಣೆ. ಅಮೆರಿಕದಲ್ಲಿ 2014ರ ಮಾಡೆಲ್ ಆಟೋಮ್ಯಾಟಿಕ್ ಆಗಿದ್ದರೂ ನಾಲ್ಕೂ ಚಕ್ರ ನೆಲಕ್ಕಿಟ್ಟು ಎಳೆಯಲು ಕಂಪನಿಯೇ ಒಪ್ಪಿತ್ತು. ಹೊರಡುವ ಮೊದಲು ಗೇರ್ ಬದಲಿಸಿ, ನ್ಯೂಟ್ರಲ್‌ಗೆ ತಂದು, ಎಂಜಿನ್ 3 ನಿಮಿಷ ಓಡಿಸಬೇಕು. ಗಂಟೆಗೆ 65 ಮೈಲಿ, ಅಂದರೆ ಸುಮಾರು 105 ಕಿ.ಮೀ. ದಾಟಬಾರದು. 2015ರಲ್ಲಿ ಸಿವಿಟಿ ಅನ್ನುವ ಬೇರೆ ಬಗೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಂತು, ಆ ಅನುಮತಿ ಹೋಯಿತು. ಹೆಸರು ಅದೇ, ಆದರೆ ಒಂದು ವರ್ಷದ ಗಾಡಿಯನ್ನು ಎಳೆಯಬಹುದು, ಮುಂದಿನ ವರ್ಷದ್ದನ್ನು ಎಳೆಯಬಾರದು. ಅದಕ್ಕೇ ಮಾರುವವರ ಮಾತಿಗಿಂತ ಗಾಡಿಯ ಜೊತೆ ಬರುವ ಪುಸ್ತಕ ಮುಖ್ಯ. ಅದರಲ್ಲಿ 'ರಿಕ್ರಿಯೇಷನಲ್ ಟೋಯಿಂಗ್' ಅನ್ನುವ ಪುಟ ಹುಡುಕಿ, ನಿಮ್ಮ ವರ್ಷದ ಮಾಡೆಲಿಗೆ ಏನು ಬರೆದಿದೆ ನೋಡಿ.

ಎಳೆಯಬಾರದು ಅಂತ ಪುಸ್ತಕದಲ್ಲಿದ್ದರೆ ಎರಡು ದಾರಿ ಉಳಿಯುತ್ತವೆ. ಡಾಲಿ ಅನ್ನುವ ಎರಡು ಚಕ್ರದ ಸಣ್ಣ ಬಂಡಿಯ ಮೇಲೆ ಮುಂದಿನ ಚಕ್ರಗಳನ್ನು ಏರಿಸಿ ಎಳೆಯುವುದು ಒಂದು. ಬಲ ಮುಂದಿನ ಚಕ್ರಕ್ಕಿದ್ದರೆ ಇದು ಸಾಕು. ಇಲ್ಲವೇ ಇಡೀ ಕಾರನ್ನು ಟ್ರೇಲರ್ ಮೇಲೆ ಹತ್ತಿಸುವುದು. ಎರಡರಲ್ಲೂ ಆ ಬಂಡಿಯ ತೂಕ ಸೇರಿಕೊಳ್ಳುತ್ತದೆ, ತಂಗುವ ಜಾಗದಲ್ಲಿ ಅದನ್ನು ಇಡಲು ಸ್ಥಳವೂ ಬೇಕು.

ಇನ್ನು ತೂಕ. ಮೋಟರ್‌ಹೋಮ್ ಮತ್ತು ಕಾರು ಸೇರಿ ಇಷ್ಟೇ ಇರಬೇಕು ಅಂತ ಕಂಪನಿ ಒಂದು ಒಟ್ಟು ಮಿತಿ ಕೊಟ್ಟಿರುತ್ತದೆ. ಆ ಮಿತಿ 11,800 ಕೆ.ಜಿ. ಅಂದುಕೊಳ್ಳೋಣ. ನೀರು, ಡೀಸೆಲ್, ಸಾಮಾನು, ಜನ ಎಲ್ಲ ತುಂಬಿದ ಮೇಲೆ ಮೋಟರ್‌ಹೋಮ್ 10,000 ಕೆ.ಜಿ. ತೂಗಿದರೆ ಕಾರಿಗೆ ಉಳಿಯುವುದು 1,800. ನಾಲ್ಕು ಬಾಗಿಲಿನ ರಾಂಗ್ಲರ್ ಆ ಲೆಕ್ಕದಲ್ಲಿ ಹೊರಗೇ. ಇಲ್ಲಿ ಅಂದಾಜು ಕೆಲಸಕ್ಕೆ ಬಾರದು. ನಮ್ಮ ಗಂಗಾವತಿಯಲ್ಲಿ ಭತ್ತದ ಲೋಡನ್ನು ಯಾರಾದರೂ ಕಣ್ಣಳತೆಯಲ್ಲಿ ಒಪ್ಪುತ್ತಾರಾ? ವೇಬ್ರಿಡ್ಜ್ ಹತ್ತಿಸಲೇಬೇಕು. ಅಮೆರಿಕದಲ್ಲೂ ಲಾರಿಗಳು ನಿಲ್ಲುವ ಕಡೆ ವೇಬ್ರಿಡ್ಜ್ ಇವೆ, ಪೂರ್ತಿ ತುಂಬಿದ ಗಾಡಿಯನ್ನೇ ತೂಗಿಸಿ. 300 ಲೀಟರ್ ನೀರೇ 300 ಕೆ.ಜಿ. ಆಗುತ್ತದೆ. ಜೊತೆಗೆ ದೊಡ್ಡ ಗಾಡಿಯ ಹಿಂದಿರುವ ಕೊಂಡಿ, ಅಂದರೆ ಹಿಚ್ಚಿಗೆ, ಎಳೆಯುವ ಬಾರಿಗೆ, ಕಾರಿನ ಮುಂದೆ ಕೂರಿಸುವ ಬೇಸ್‌ಪ್ಲೇಟಿಗೆ ತಮ್ಮದೇ ಮಿತಿ ಇರುತ್ತದೆ. ಅನೇಕ ಹಿಚ್ಚುಗಳ ಮಿತಿ 5,000 ಪೌಂಡ್, ಸುಮಾರು 2,270 ಕೆ.ಜಿ. ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆಯೋ ಅದೇ ನಿಮ್ಮ ಮಿತಿ.

ಬ್ರೇಕ್ ಮರೆಯಬೇಡಿ. ಟನ್ನುಗಟ್ಟಲೆ ತೂಕ ಹಿಂದಿನಿಂದ ನೂಕುವಾಗ ಮೋಟರ್‌ಹೋಮಿನ ಬ್ರೇಕ್ ಒಂದೇ ಸಾಲದು. ಮುಂದಿನವರು ಬ್ರೇಕ್ ಒತ್ತಿದಾಗ ಕಾರಿನ ಪೆಡಲನ್ನೂ ಒತ್ತುವ ಸಾಧನ ಹಾಕಿಸುತ್ತಾರೆ. ಅಲ್ಲಿನ ಅನೇಕ ರಾಜ್ಯಗಳಲ್ಲಿ ಒಂದು ತೂಕ ದಾಟಿದರೆ ಇದು ಕಡ್ಡಾಯ. ಬಾರ್ ಕಳಚಿದರೂ ಕಾರು ತಾನಾಗಿ ನಿಲ್ಲಲು ಬ್ರೇಕ್‌ಅವೇ ಸ್ವಿಚ್, ಹಿಡಿದುಕೊಳ್ಳಲು ಸರಪಳಿ ಇರಬೇಕು. ದುಡ್ಡು ಉಳಿಸುವ ಜಾಗ ಇದಲ್ಲ.

ರಿವರ್ಸ್ ತೆಗೆದುಕೊಳ್ಳಲು ಮಾತ್ರ ಹೋಗಬೇಡಿ. ಎರಡು ಚಕ್ರದ ಟ್ರ್ಯಾಲಿಯನ್ನು ನಮ್ಮ ಟ್ರ್ಯಾಕ್ಟರ್ ಹುಡುಗರು ರೈಸ್ ಮಿಲ್ ಅಂಗಳದಲ್ಲಿ ಸಲೀಸಾಗಿ ಹಿಂದಕ್ಕೆ ಬಿಡುತ್ತಾರೆ, ಏಕೆಂದರೆ ಅದರ ಚಕ್ರ ಅಕ್ಕಪಕ್ಕ ತಿರುಗುವುದಿಲ್ಲ. ಎಳೆಸಿಕೊಳ್ಳುವ ಕಾರಿನ ಮುಂದಿನ ಚಕ್ರಗಳು ಅಕ್ಕಪಕ್ಕ ತಿರುಗುತ್ತವೆ. ಮುಂದೆ ಹೋಗುವಾಗ ತಾವಾಗಿ ನೇರವಾಗುತ್ತವೆ, ಹಿಂದಕ್ಕೆ ನೂಕಿದರೆ ಒಂದು ಕಡೆಗೆ ಪೂರ್ತಿ ಹೊರಳಿ ಬಾರನ್ನೇ ಬಾಗಿಸುತ್ತವೆ. ಸಿಕ್ಕಿಕೊಂಡರೆ ಕಾರನ್ನು ಬಿಚ್ಚುವುದೇ ಸರಿ.

ನಮ್ಮ ದೇಶದಲ್ಲಿ ಹೀಗೆ ಚೆನ್ನಾಗಿರುವ ಕಾರನ್ನು ಎಳೆದುಕೊಂಡು ತಿರುಗಲು ರಸ್ತೆ ನಿಯಮ ಬಿಡುವುದಿಲ್ಲ. ಕೆಟ್ಟ ಗಾಡಿ, ನೋಂದಣಿಯಾದ ಟ್ರೇಲರ್ ಇಂಥವನ್ನು ಮಾತ್ರ ಎಳೆಯಬಹುದು. ಕೆಟ್ಟ ಗಾಡಿ ಆದರೂ ನಡುವಿನ ಅಂತರ 5 ಮೀಟರ್ ಮೀರಬಾರದು. ಸ್ಟೀರಿಂಗ್ ಹಿಡಿಯಲು ಲೈಸೆನ್ಸ್ ಇರುವವರು ಒಳಗೆ ಕೂತಿರಬೇಕು, ಇಲ್ಲವೇ ಮುಂದಿನ ಚಕ್ರ ನೆಲದಿಂದ ಎತ್ತಿರಬೇಕು.

ಆದರೂ ಗೇರ್‌ಬಾಕ್ಸಿನ ಪಾಠ ಇಲ್ಲಿಗೂ ಬೇಕೇ ಬೇಕು. ಸಿರುಗುಪ್ಪ ರಸ್ತೆಯಲ್ಲಿ ಕಾರು ನಿಂತರೆ ಬಳ್ಳಾರಿಯವರೆಗೆ ಹಗ್ಗ ಕಟ್ಟಿ ಎಳೆಯುವ ರೂಢಿ ಮ್ಯಾನ್ಯುವಲ್ ಗಾಡಿಗಳ ಕಾಲದ್ದು. ಈಗ ಆಟೋಮ್ಯಾಟಿಕ್ ಹೆಚ್ಚಾಗಿವೆ. ತಿಳಿದ ಮೆಕ್ಯಾನಿಕ್ ಫೋನಿನಲ್ಲಿ ಮೊದಲು ಕೇಳುವುದೇ ಇದು: "ಅಣ್ಣಾರ, ಗಾಡಿ ಆಟೋಮ್ಯಾಟಿಕ್ ಏನ್ರೀ? ಹಂಗಾದ್ರ ಹಗ್ಗ ಕಟ್ಟಬ್ಯಾಡ್ರಿ." ಸಿವಿಟಿ, ಟಾರ್ಕ್ ಕನ್ವರ್ಟರ್ ಇರುವ ಸಾಮಾನ್ಯ ಆಟೋಮ್ಯಾಟಿಕ್, ಎಲೆಕ್ಟ್ರಿಕ್ ಯಾವುದೇ ಇರಲಿ, ಬಲ ಹೋಗುವ ಚಕ್ರ ನೆಲ ಮುಟ್ಟಬಾರದು. ಎಎಂಟಿ, ಅಂದರೆ ಕ್ಲಚ್ಚು, ಗೇರು ತಾನೇ ಬದಲಿಸಿಕೊಳ್ಳುವ ಗಾಡಿ, ಒಳಗೆ ಮ್ಯಾನ್ಯುವಲ್ಲೇ, ಆದರೆ ಕೆಟ್ಟಾಗ ಗೇರಿನಲ್ಲೇ ಸಿಕ್ಕಿಕೊಂಡಿರಬಹುದು. ನಾಲ್ಕೂ ಚಕ್ರಕ್ಕೆ ಸದಾ ಬಲ ಹೋಗುವ ಗಾಡಿಯಾದರೆ ಮುಂದಿನದನ್ನು ಮಾತ್ರ ಎತ್ತಿದರೂ ಸಾಲದು, ಇಡೀ ಕಾರನ್ನು ಮೇಲೆ ಹೊರುವ ಫ್ಲಾಟ್‌ಬೆಡ್ ಲಾರಿಯನ್ನೇ ಕರೆಸಬೇಕು.